ಇಂಜಿನ್ ಪಕ್ಕ ಕೂತವರು: ಹೊಸ ಲಾರಿ ಡ್ರೈವರನ ಹಳೇ ಕತೆ

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನಮ್ಮ ಬಳಗದಲ್ಲೊಬ್ಬರ ಫೋನ್ ಬಾರಿಸಿತು. ಮಾಡಿದವನು ನಮ್ಮ ಪಕ್ಕದ ಬೀದಿಯ ಹುಡುಗ. ಇಪ್ಪತ್ತಮೂರು ವರ್ಷ. ಲಾರಿ ಹತ್ತಿ ಮೂರು ವಾರವಾಗಿತ್ತು. ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಮಹಾರಾಷ್ಟ್ರಕ್ಕೆ ಹೊರಟಿದ್ದ. ಕೊಲ್ಲಾಪುರ ದಾಟಿ ಎಲ್ಲೋ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಮಲಗಿದ್ದಾನೆ, ನಿದ್ದೆ ಬಂದಿಲ್ಲ.

"ಅಣ್ಣ, ಇಂಜಿನ್ ಆಫ್ ಮಾಡಿದೀನಿ. ಆದ್ರೂ ಕಿವಿಯೊಳಗೆ ಓಡ್ತಾನೇ ಐತೆ. ನಂಗೆ ಇದು ಆಗಲ್ಲ ಅನ್ಸುತ್ತೆ" ಅಂದ.

ಸದ್ದಿನ ಮಾತು ಮುಗಿದ ಮೇಲೆ ಬೇರೆ ಮಾತು ಬಂತು. ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ? ರಾತ್ರಿ ಯಾರಾದರೂ ಅಡ್ಡ ಬಂದರೆ? ಹಿಂದಿ ಸರಿಯಾಗಿ ಬರಲ್ಲ, ಪೊಲೀಸರು ಹಿಡಿದರೆ ಏನು ಹೇಳೋದು? ತಿಂಗಳ ಕೊನೆಗೆ ದುಡ್ಡು ಉಳಿಯುತ್ತೋ ಇಲ್ಲವೋ? ಲೈಸೆನ್ಸ್ ಮಾಡಿಸುವಾಗ ಈ ಯಾವುದನ್ನೂ ಅವನಿಗೆ ಯಾರೂ ಹೇಳಿರಲಿಲ್ಲ. ನಮಗೂ ಉತ್ತರ ಗೊತ್ತಿರಲಿಲ್ಲ. ನಾವು ಪತ್ರಿಕೋದ್ಯಮ ಓದಿದವರು, ಲಾರಿ ಓಡಿಸಿದವರಲ್ಲ.

ಬೆಳಗ್ಗೆ ಎದ್ದು ನಮ್ಮೂರ ಹಳೇ ಡ್ರೈವರಜ್ಜನ ಮನೆಗೆ ಹೋದೆವು. ಎಪ್ಪತ್ತರ ಮೇಲಿನ ವಯಸ್ಸು, ಸುಮಾರು ನಲವತ್ತು ವರ್ಷ ಸ್ಟೇರಿಂಗ್ ಹಿಡಿದವರು. ಹುಡುಗನ ಮಾತು ಹೇಳಿದಾಗ ಅವರು ನಗಲಿಲ್ಲ. "ಅವನಿಗೆ ಕ್ಲೀನರ್ ಇದಾನಾ?" ಅಂತ ಕೇಳಿದರು. ಇಲ್ಲ ಅಂದೆವು. "ಹಂಗಾದ್ರೆ ಅದೇ ಕಷ್ಟ" ಅಂದರು.

ಆ ಮಾತು ನಮಗೆ ಆಗ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳೋಕೆ ಲಾರಿಯ ಹಳೇ ಕತೆಯನ್ನೇ ಕೆದಕಬೇಕಾಯ್ತು. ಕೆದಕಿದ್ದನ್ನು ಇಲ್ಲಿ ಬರೆದಿದ್ದೇವೆ.

ದೂರದ ದಾರಿಗೆ ಸರಕು ಸಾಗಿಸೋದು ನಮ್ಮ ಸೀಮೆಗೆ ಹೊಸದೇನಲ್ಲ. ಲಾರಿಗೂ ಮುಂಚೆ, ರೈಲಿಗೂ ಮುಂಚೆ, ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಹೇರು ಹಾಕಿ ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೆ, ಬಯಲುಸೀಮೆಯ ದವಸವನ್ನು ಬೇರೆ ಕಡೆಗೆ ಸಾಗಿಸುತ್ತಿದ್ದರು. ಸೇನೆಗಳಿಗೆ ದವಸ ಪೂರೈಸುತ್ತಿದ್ದವರೂ ಅವರೇ. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆ ಹೊಟ್ಟೆ ತುಂಬಿಸಿಕೊಂಡಿದ್ದು ಈ ಹೇರೆತ್ತುಗಳಿಂದ. ಮುಂದಿನ ಎತ್ತಿಗೆ ಗಂಟೆ ಕಟ್ಟುತ್ತಿದ್ದರು, ಹಿಂದಿನವು ಆ ಸದ್ದಿನ ಹಿಂದೆ ನಡೆಯುತ್ತಿದ್ದವು. ಆಮೇಲೆ ಬಂದ ಗಾಡಿಯವನಿಗೂ ಗೆಜ್ಜೆ, ಗಂಟೆ, ಗಾಲಿಯ ಕಿರುಗುಟ್ಟುವಿಕೆ ಇತ್ತು. ಆ ಸದ್ದು ನಿದ್ದೆ ಕೆಡಿಸುತ್ತಿರಲಿಲ್ಲ, ನಿದ್ದೆ ಬರಿಸುತ್ತಿತ್ತು. ಗಾಡಿಯವನು ಹುಲ್ಲಿನ ಮೇಲೆ ಮಲಗಿದರೂ ಎತ್ತುಗಳು ಮಂಡಿಗೆ ಹೋಗಿ ನಿಲ್ಲುತ್ತಿದ್ದವು ಅನ್ನೋ ಮಾತನ್ನು ನಮ್ಮಲ್ಲಿ ಬಹಳ ಜನ ಅಜ್ಜನ ಬಾಯಲ್ಲಿ ಕೇಳಿದ್ದೇವೆ.

ಲಾರಿಗೆ ದಾರಿ ಗೊತ್ತಿಲ್ಲ. ಓಡಿಸುವವನು ಕಣ್ಣು ಮುಚ್ಚಿದರೆ ಅದೂ ಕುರುಡು. ದೂರದ ಸಾಗಣೆಯಲ್ಲಿ ಭಯ ಅನ್ನೋದು ಹೊಸ ಬಗೆಯಲ್ಲಿ ಶುರುವಾಗಿದ್ದು ಇಲ್ಲಿಂದ ಅಂತ ನಮಗನ್ನಿಸುತ್ತದೆ.

ಸ್ವಾತಂತ್ರ್ಯಕ್ಕೆ ಮುಂಚೆಯೂ ಲಾರಿಗಳಿದ್ದವು, ಆದರೆ ಕಡಿಮೆ, ಮತ್ತು ಹೊರದೇಶದ್ದು. ದೂರದ ಸರಕೆಲ್ಲ ರೈಲಿನ ಪಾಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಓಡಿಸಿದ್ದೂ ಉಂಟು. ಆಗಿನ ಡ್ರೈವರನಿಗೆ ಹೊಗೆ, ಬೂದಿಯದ್ದೇ ದೊಡ್ಡ ಗೋಳು.

ನಮಗೆ ಗೊತ್ತಿರುವ ಲಾರಿ ಬಂದಿದ್ದು ಆಮೇಲೆ. 1945ರಲ್ಲಿ ಜಮ್‌ಶೆಡ್‌ಪುರದಲ್ಲಿ ರೈಲು ಇಂಜಿನ್ ಮಾಡಲು ಶುರುವಾದ ಟೆಲ್ಕೊ, 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಡೀಸೆಲ್ ಲಾರಿ ಮಾಡಿತು. 1969ರಲ್ಲಿ ಒಪ್ಪಂದ ಮುಗಿಯಿತು. ಮೂತಿಯ ಮೇಲಿದ್ದ ಮೂರು ಮೂಲೆಯ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಮದ್ರಾಸಿನ ಎಣ್ಣೂರಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್, 1955ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಡ್ರೈವರಜ್ಜ ಇವತ್ತಿಗೂ ಹಳೇ ಟಾಟಾ ಲಾರಿಗೆ 'ಬೆಂಜ್' ಅಂತಲೇ ಅನ್ನುತ್ತಾರೆ.

ಇಲ್ಲೊಂದು ವಿಷಯ ಗಮನಿಸಬೇಕು. ಬಹಳ ವರ್ಷ ಲಾರಿ ಅಂದರೆ ಕಂಪನಿಯಿಂದ ಪೂರ್ತಿಯಾಗಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಚಾಸಿಸ್: ಇಂಜಿನ್, ಗಾಲಿ, ಸ್ಟೇರಿಂಗ್, ಮುಂದೊಂದು ತಗಡಿನ ಮುಖ. ಆ ಬರೀ ಚಾಸಿಸ್ ಮೇಲೆ ಹೆಲ್ಮೆಟ್ಟೋ ಟವೆಲ್ಲೋ ಸುತ್ತಿಕೊಂಡು, ಗಾಳಿಗೆ ಮುಖ ಕೊಟ್ಟು ಸಾವಿರ ಮೈಲಿ ಓಡಿಸಿಕೊಂಡು ಬರುವ ಡ್ರೈವರುಗಳನ್ನು ಹೆದ್ದಾರಿ ಪಕ್ಕದ ಊರಿನವರು ನೋಡಿಯೇ ಇರುತ್ತೀರಿ. ಕ್ಯಾಬಿನ್ ಕಟ್ಟುತ್ತಿದ್ದದ್ದು ಊರೂರಿನ ಬಾಡಿ ಬಿಲ್ಡರ್‌ಗಳು, ಮರದ ಚೌಕಟ್ಟಿಗೆ ತಗಡು ಹೊಡೆದು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಕಡೆ ಇದೇ ಒಂದು ದೊಡ್ಡ ಕಸುಬಾಗಿ ಬೆಳೆಯಿತು. ಆ ಬಡಗಿಗಳು ಡ್ರೈವರ್ ಸೀಟಿನ ಹಿಂದೆ ಮಲಗೋಕೆ ಹಲಗೆ ಹಾಕಿದರು, ದೇವರ ಫೋಟೋಗೆ ಗೂಡು ಮಾಡಿದರು, ಕಿಟಕಿಗೆ ಹೂವು ಬಳ್ಳಿ ಬಿಡಿಸಿದರು. ಸದ್ದು ತಡೆಯೋದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಮೂತಿ ಗಿಡ್ಡ ಮಾಡಿ ಸರಕಿಗೆ ಜಾಗ ಹೆಚ್ಚಿಸಿದ ಲಾರಿಗಳಲ್ಲಂತೂ ಇಂಜಿನ್ನಿನ ಅರ್ಧ ಭಾಗ ಕ್ಯಾಬಿನ್ ಒಳಗೇ ಬಂದು ಕೂತಿತು. ಡ್ರೈವರನ ಎಡ ಮೊಣಕಾಲಿನ ಪಕ್ಕ, ಒಂದು ಮುಚ್ಚಳದ ಕೆಳಗೆ. ಆ ಮುಚ್ಚಳದ ಮೇಲೆ ಕಂಬಳಿ ಹಾಕುತ್ತಿದ್ದರು, ಊಟದ ಡಬ್ಬಿ ಬಿಸಿಯಾಗಿರಲಿ ಅಂತ ಅದರ ಮೇಲೇ ಇಡುತ್ತಿದ್ದರು. ಬೇಸಿಗೆಯಲ್ಲಿ ಚಳ್ಳಕೆರೆ, ಬಳ್ಳಾರಿ ಕಡೆಯ ಬಿಸಿಲಿನಲ್ಲಿ ಆ ಕ್ಯಾಬಿನ್ ಹೇಗಿದ್ದಿರಬೇಕು, ನೀವೇ ಊಹಿಸಿ. ಎಡಗಡೆ ಇಂಜಿನ್, ಬಲಗಡೆ ತೆರೆದ ಕಿಟಕಿಯಿಂದ ಗಾಳಿ ಮತ್ತು ಎದುರು ಬರುವವರ ಹಾರನ್. ನಡುವೆ ಒಬ್ಬ ಮನುಷ್ಯ.

ಅಜ್ಜ 1970ರ ದಶಕದಲ್ಲಿ ಇಂಥ ಗಾಡಿಗೆ ಕ್ಲೀನರ್ ಆಗಿ ಹತ್ತಿದವರು. ಮೊದಲ ಟ್ರಿಪ್ ಚಳ್ಳಕೆರೆಯಿಂದ ಬೊಂಬಾಯಿಗೆ, ಶೇಂಗಾ ಎಣ್ಣೆಯ ಡಬ್ಬಿ. ಚಳ್ಳಕೆರೆಗೆ ಎಣ್ಣೆ ನಗರಿ, ಎರಡನೇ ಬೊಂಬಾಯಿ ಅನ್ನೋ ಹೆಸರು ಇದ್ದ ಕಾಲ. "ಮೂರು ದಿನ ವಾಂತಿ ಮಾಡ್ಕಂಡೆ. ಕಿವಿ ದಿಮ್ಮಂತಿತ್ತು. ನಮ್ಮ ಉಸ್ತಾದ್ ಬೈತಿದ್ದ, ಲೇ ಸದ್ದಿಗೆ ಹೆದರಬ್ಯಾಡ, ಸದ್ದು ನಿಂತ್ರೆ ಹೆದ್ರು ಅಂತ" ಅಂದರು.

ಕಿವಿಯಿಂದ ಕಲಿತ ಕೆಲಸ

ಈ ಮಾತು ನಮಗೆ ಮೊದಲು ಬರೀ ಡೈಲಾಗ್ ಅನ್ನಿಸಿತ್ತು. ಅಜ್ಜ ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಇದರಲ್ಲಿ ಇಡೀ ಕಸುಬೇ ಇದೆ.

ಆ ಕಾಲದ ಲಾರಿಗಳ ಗೇರು ಈಗಿನಂತೆ ಬೆಣ್ಣೆಯ ಹಾಗೆ ಬೀಳುತ್ತಿರಲಿಲ್ಲ. ಗೇರ್‌ಬಾಕ್ಸಿನ ಒಳಗೆ ತಿರುಗುವ ಎರಡು ಚಕ್ರಗಳ ವೇಗ ಒಂದೇ ಆದಾಗ ಮಾತ್ರ ಹಲ್ಲು ಕೂಡುತ್ತಿದ್ದವು. ಇಲ್ಲದಿದ್ದರೆ ಕರಕರ ಅಂತ ಮೈ ಜುಮ್ಮೆನ್ನುವ ಸದ್ದು. ಅದಕ್ಕೆ ಡಬಲ್ ಕ್ಲಚ್. ಕ್ಲಚ್ ಒತ್ತಿ ಗೇರು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಡಬೇಕು, ಕೆಳಗಿನ ಗೇರಿಗೆ ಹೋಗೋದಾದರೆ ಆಕ್ಸಿಲರೇಟರ್ ಒಂದು ಒತ್ತು ಕೊಟ್ಟು ಇಂಜಿನ್ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಎಷ್ಟು ಒತ್ತು ಕೊಡಬೇಕು? ಅದನ್ನು ಹೇಳೋ ಮುಳ್ಳು ಬಹಳ ಗಾಡಿಯಲ್ಲಿ ಇರಲಿಲ್ಲ, ಇದ್ದರೂ ಕೆಟ್ಟಿರುತ್ತಿತ್ತು. ಕಿವಿಯೇ ಮುಳ್ಳು. ಇಂಜಿನ್ನಿನ ದನಿ ಎಷ್ಟು ಮೇಲೇರಿತು ಅಂತ ಕೇಳಿ ಕೈ ಆಡಿಸಬೇಕು.

ಅಂದರೆ ಹೊಸಬನಿಗೆ ತಲೆ ಸಿಡಿಸುತ್ತಿದ್ದ ಅದೇ ಸದ್ದು ಹಳಬನಿಗೆ ಮಾಹಿತಿ. ಟರ್ಬೊ ಸಿಳ್ಳೆ, ಬೆಲ್ಟ್ ಕಿರುಚು, ಬ್ರೇಕಿನ ಗಾಳಿ ಸೋರುವ 'ಸುಂಯ್', ಟಯರಿಗೆ ಕಲ್ಲು ಸಿಕ್ಕಿದ ಟಕಟಕ, ಹಗ್ಗ ಸಡಿಲವಾಗಿ ಲೋಡು ಆಡುವ ಗುಡುಗು. ಎಲ್ಲ ಒಂದೇ ಗದ್ದಲವಾಗಿ ಕೇಳುತ್ತಿದ್ದದ್ದು ಆರು ತಿಂಗಳಿಗೆ ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಸಂತೆಯಲ್ಲಿ ನಿಂತರೂ ಮಗು ಅತ್ತದ್ದು ತಾಯಿಗೆ ಕೇಳಿಸುತ್ತಲ್ಲ, ಹಾಗೆ.

ಮತ್ತೆ 'ಸದ್ದು ನಿಂತ್ರೆ ಹೆದ್ರು' ಅನ್ನೋದು? ಅದು ಘಾಟಿಯ ಪಾಠ. ಸಕಲೇಶಪುರ ಬಿಟ್ಟು ಗುಂಡ್ಯದ ಕಡೆಗೆ ಶಿರಾಡಿ ಇಳಿಯುವಾಗ, ಅಥವಾ ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಇಳಿಯುವಾಗ, ಡೀಸೆಲ್ ಉಳಿಸೋ ಆಸೆಗೆ ಕೆಲವರು ನ್ಯೂಟ್ರಲ್ ಮಾಡುತ್ತಿದ್ದರು. ಇಂಜಿನ್ ಅಬ್ಬರ ತಟ್ಟನೆ ನಿಂತು ಗಾಡಿ ತೇಲಿದಂತೆ ಹೋಗುತ್ತದೆ. ಹೊಸಬನಿಗೆ ಹಾಯೆನಿಸುವ ಹೊತ್ತು ಅದೇ. ಆದರೆ ಇಂಜಿನ್ ಹಿಡಿತ ತಪ್ಪಿದ ಮೇಲೆ ಇಡೀ ಭಾರ ಬ್ರೇಕಿನ ಮೇಲೆ. ಎಡೆಬಿಡದೆ ಒತ್ತಿದ ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿಯೋದಿಲ್ಲ, ಓಡುವ ಗಾಡಿಗೆ ಮತ್ತೆ ಗೇರು ಬೀಳೋದಿಲ್ಲ. ಹತ್ತಿದ ಗೇರಲ್ಲೇ ಇಳಿ ಅನ್ನೋ ಹಳಬರ ನಿಯಮ ಬಂದಿದ್ದು ಇಲ್ಲಿಂದ. ಇಳಿಜಾರಿನಲ್ಲಿ ಇಂಜಿನ್ ಅರಚುತ್ತಿದ್ದರೆ ಅದು ಗಾಡಿಯನ್ನು ಹಿಡಿದುಕೊಂಡಿದೆ ಅಂತ ಅರ್ಥ.

ಈಗ ಕ್ಲೀನರ್ ವಿಷಯಕ್ಕೆ ಬರೋಣ. ಹೆಸರಿಗೆ ಕ್ಲೀನರ್, ಗಾಡಿ ತೊಳೆಯುವವನು. ಮಾಡುತ್ತಿದ್ದದ್ದು ಬೇರೆ. ಡ್ರೈವರಿಗೆ ಕಾಣದ ಎಡಗಡೆಯ ಕಣ್ಣು ಅವನು. ಬಾಗಿಲ ತಗಡಿಗೆ ಕೈಯಿಂದ ಬಡಿದು 'ಹೋಗು', 'ನಿಲ್ಲು' ಅನ್ನುತ್ತಿದ್ದ, ಯಾಕೆಂದರೆ ಆ ಗದ್ದಲದಲ್ಲಿ ಬಾಯಿಮಾತು ಕೇಳುತ್ತಿರಲಿಲ್ಲ. ಘಾಟಿ ಹತ್ತುವಾಗ ಗಾಡಿ ನಿಂತರೆ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ. ನಿಲ್ಲಿಸಿದಲ್ಲೆಲ್ಲ ಕಬ್ಬಿಣದ ರಾಡು ಹಿಡಿದು ಟಯರಿಗೆ ತಟ್ಟುತ್ತಾ ಬರುತ್ತಿದ್ದ. ಗಾಳಿ ತುಂಬಿದ ಟಯರ್ 'ಠಣ್' ಅನ್ನುತ್ತದೆ, ಇಳಿದದ್ದು 'ದಪ್' ಅನ್ನುತ್ತದೆ. ರಾತ್ರಿ ಡ್ರೈವರ್ ತೂಕಡಿಸದಂತೆ ಮಾತಾಡಿಸುತ್ತಾ, ಬೀಡಿ ಹಚ್ಚಿ ಕೊಡುತ್ತಾ ಕೂರುತ್ತಿದ್ದ. ಬೀಡಿ ನಾವು ಹೊಗಳುತ್ತಿಲ್ಲ, ಇದ್ದದ್ದು ಹೇಳಿದೆವು.

ಎರಡು ಮೂರು ವರ್ಷ ಹೀಗೆ ಎಡಗಡೆ ಕೂತ ಮೇಲೆ, ಉಸ್ತಾದ್ ಮನಸ್ಸು ಬಂದಾಗ, ಖಾಲಿ ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ ಸ್ಟೇರಿಂಗ್ ಸಿಗುತ್ತಿತ್ತು. ಆ ಹೊತ್ತಿಗೆ ಅವನ ಕಿವಿ ಪಳಗಿರುತ್ತಿತ್ತು. ಅನುಮಾನಗಳೂ ಅಷ್ಟೇ: ಕೊಲ್ಲಾಪುರದಲ್ಲಿ ಎಲ್ಲಿ ನಿಲ್ಲಿಸಬೇಕು, ಯಾವ ಢಾಬಾದಲ್ಲಿ ಡೀಸೆಲ್ ಕದಿಯುತ್ತಾರೆ, ನಾಕಾದಲ್ಲಿ ಹೇಗೆ ಮಾತಾಡಬೇಕು, ಎಲ್ಲವನ್ನೂ ಇನ್ನೊಬ್ಬ ಮಾಡುವುದನ್ನು ನೋಡಿ ನೋಡಿ ಅರ್ಧ ಕರಗಿರುತ್ತಿದ್ದವು. ಇದು ಚಂದದ ಗುರುಕುಲ ಅಂತ ನಾವು ಹೇಳಲ್ಲ. ಹೊಡೆತ ಇತ್ತು, ಕೂಲಿ ಇಲ್ಲದ ದುಡಿಮೆ ಇತ್ತು, ಹದಿಮೂರು ಹದಿನಾಲ್ಕರ ಹುಡುಗರನ್ನು ಶಾಲೆ ಬಿಡಿಸಿ ಹತ್ತಿಸುತ್ತಿದ್ದರು. ಅಜ್ಜನ ಬೆನ್ನ ಮೇಲೆ ಇವತ್ತಿಗೂ ಸ್ಪ್ಯಾನರ್ ಏಟಿನ ಗುರುತಿದೆ.

ಕಾನೂನು ಏನು ನೋಡಿತು, ಏನು ನೋಡಲಿಲ್ಲ

1939ರ ಮೋಟಾರು ವಾಹನ ಕಾಯ್ದೆ ಲೈಸೆನ್ಸು, ಪರ್ಮಿಟ್ಟಿನ ಲೆಕ್ಕ ಇಟ್ಟಿತು. 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ದೂರದ ದಾರಿಗಾದರೆ ದಿನಕ್ಕೆ 10, ವಾರಕ್ಕೆ 54ರ ವರೆಗೆ ಅಂತ ಹೇಳಿತು. ಓದಿದಾಗ ನಮಗೂ ಖುಷಿಯಾಯ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ. ನಮ್ಮ ಕಡೆ ಲಾರಿ ಮಾಲೀಕ ಅಂದರೆ ಹೊಲ ಅಡವಿಟ್ಟು ಒಂದೋ ಎರಡೋ ಗಾಡಿ ತೆಗೆದವನು. ಅವನ ಡ್ರೈವರು ಆ ಕಾಯ್ದೆಯ ಬಾಗಿಲಿನ ಹೊರಗೇ ಉಳಿದ.

1970ರ ದಶಕದ ನಡುವೆ ಬಂದ ನ್ಯಾಷನಲ್ ಪರ್ಮಿಟ್ ದೂರವನ್ನು ಹಿಗ್ಗಿಸಿತು. ಅದಕ್ಕೆ ಮುಂಚೆ ರಾಜ್ಯ ರಾಜ್ಯಕ್ಕೆ ಬೇರೆ ಪರ್ಮಿಟ್ಟಿನ ತಾಪತ್ರಯ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಯಿತು. ಊರ ಬಾಗಿಲಲ್ಲಿ ನಿಂತು ಸುಂಕ ಕಟ್ಟುವುದು ತಪ್ಪಿತು. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರ ಅವರ ಕತೆ ನಿಮಗೆ ಗೊತ್ತು, ಸಿನಿಮಾ ಕೂಡ ಆಗಿದೆ. ಆ ದಶಕದಲ್ಲಿ ಅಂಥ ಕನಸಿಟ್ಟು ಲಾರಿ ತೆಗೆದವರು ಪ್ರತಿ ತಾಲೂಕಿನಲ್ಲೂ ಇದ್ದರು. ಎಲ್ಲರ ಕತೆ ಸಿನಿಮಾ ಆಗಲಿಲ್ಲ.

ಸದ್ದಿನ ವಿಷಯದಲ್ಲಿ ಕಾನೂನು ಇನ್ನೂ ವಿಚಿತ್ರ. ಕಾರ್ಖಾನೆಯಲ್ಲಿ ದುಡಿಯುವವನ ಕಿವಿಗೆ ಲೆಕ್ಕ ಇದೆ: 90 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, 95 ಆದರೆ 4 ಗಂಟೆ, 100 ಆದರೆ 2 ಗಂಟೆ. ಇದಕ್ಕಿಂತ ಹೆಚ್ಚು ಇರಿಸುವಂತಿಲ್ಲ. ಲಾರಿಯ ಕ್ಯಾಬಿನ್ ಕಾರ್ಖಾನೆಯಲ್ಲ. ಹೊರಗಿನ ಜನಕ್ಕೆ ಲಾರಿಯಿಂದ ಎಷ್ಟು ಸದ್ದಾಗಬಾರದು ಅಂತ ನಿಯಮ ಬಂತು, ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಹಲವು ರಾಗದ ಕರ್ಕಶ ಹಾರನ್ ಬೇಡ ಅಂದಿತು, 2015ರಲ್ಲಿ ಮಹಾರಾಷ್ಟ್ರ ಲಾರಿಗಳ ಹಿಂದೆ 'ಹಾರನ್ ಓಕೆ ಪ್ಲೀಸ್' ಬರೆಯೋದನ್ನೇ ನಿಲ್ಲಿಸಿತು. ಎಲ್ಲವೂ ಸರಿಯೇ. ಆದರೆ ಲಾರಿಯ ಒಳಗೆ ಕೂತವನ ಕಿವಿ ಏನಾಗುತ್ತದೆ ಅಂತ ಕೇಳಿದವರು ಕಡಿಮೆ.

ಏನಾಗುತ್ತದೆ ಅಂದರೆ, ವರ್ಷಗಟ್ಟಲೆ ಜೋರು ಸದ್ದು ಕೇಳಿದ ಕಿವಿ ಮೊದಲು ಕಳೆದುಕೊಳ್ಳೋದು ತೆಳು, ಎತ್ತರದ ಸದ್ದುಗಳನ್ನು. ಮಾತಿನಲ್ಲಿ ಸ, ಶ, ತ ಅಕ್ಷರಗಳು ಮಸುಕಾಗುತ್ತವೆ. ಅಜ್ಜನಿಗೆ ಮೊಮ್ಮಗಳು 'ಸಾರು' ಅಂದರೆ ಕೆಲವು ಸಲ 'ಆರು' ಕೇಳಿಸುತ್ತದಂತೆ. ಬಲಗಿವಿ ಹೆಚ್ಚು ಮಂದ, ಕಿಟಕಿಯ ಕಡೆಯದು. ಅಜ್ಜ ಇದನ್ನು ಕಾಯಿಲೆ ಅಂತ ಎಂದೂ ಎಣಿಸಿಲ್ಲ. "ಡ್ರೈವರ್ ಕಿವಿ" ಅನ್ನುತ್ತಾರೆ, ಅಷ್ಟೇ.

ರಸ್ತೆ ಅಗಲವಾಯಿತು, ಎಡಗಡೆ ಸೀಟು ಖಾಲಿಯಾಯಿತು

1999ರಲ್ಲಿ ಚತುಷ್ಪಥದ ಸುವರ್ಣ ಚತುಷ್ಕೋನ ಯೋಜನೆ ಶುರುವಾಯ್ತು, ಒಟ್ಟು 5,846 ಕಿಲೋಮೀಟರ್. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಮೇಲೆ ಹೋಗುವ ನಮ್ಮ ಹಳೇ ಎನ್‌ಎಚ್ 4, ಈಗಿನ 48, ಅದರದ್ದೇ ಭಾಗ. ಊರೊಳಗೆ ನುಗ್ಗುತ್ತಿದ್ದ ರಸ್ತೆ ಊರಾಚೆ ಹೋಯ್ತು. ನಿಂತು ನಿಂತು ಹೋಗುತ್ತಿದ್ದ ಗಾಡಿ ಒಂದೇ ಸಮನೆ ಓಡತೊಡಗಿತು. ಸದ್ದಿನ ಬಗೆಯೂ ಬದಲಾಯ್ತು: ಗೇರಿನ ಏರಿಳಿತ ಕಡಿಮೆಯಾಗಿ, ಟಯರು ಮತ್ತು ಗಾಳಿಯ ಒಂದೇ ಸಮದ ಮೊರೆತ ಹೆಚ್ಚಾಯ್ತು. ಈ ಮೊರೆತ ಅರಚುವುದಿಲ್ಲ, ಜೋಗುಳ ಹಾಡುತ್ತದೆ. ರಾತ್ರಿ ಎರಡರಿಂದ ಐದರ ತನಕ ಮನುಷ್ಯನ ಮೈ ತಾನಾಗೇ ನಿದ್ದೆಗೆ ಜಾರುವ ಹೊತ್ತು. ಎರಡೂ ಸೇರಿದರೆ ಏನಾಗುತ್ತದೆ ಅಂತ ಹೆದ್ದಾರಿ ಪಕ್ಕದ ಊರುಗಳಿಗೆ ಹೇಳಬೇಕಿಲ್ಲ.

ಅದೇ ದಶಕದಲ್ಲಿ ಬಳ್ಳಾರಿ, ಸಂಡೂರಿನ ಅದಿರಿನ ಭರಾಟೆ ಬಂತು. ಚೀನಾಕ್ಕೆ ಅದಿರು ಬೇಕಿತ್ತು, ಬೇಲೆಕೇರಿ, ಕಾರವಾರ, ಮಂಗಳೂರು ಬಂದರುಗಳಿಗೆ ಹಗಲೂ ರಾತ್ರಿ ಲಾರಿಗಳ ಸಾಲು. ಟ್ರಿಪ್ಪಿಗೆ ಇಷ್ಟು ಅಂತ ದುಡ್ಡು. ಎರಡು ವರ್ಷ ಎಡಗಡೆ ಕೂತು ಕಲಿಯೋ ತಾಳ್ಮೆ ಯಾರಿಗಿತ್ತು? ಟ್ರ್ಯಾಕ್ಟರ್ ಓಡಿಸಿ ಗೊತ್ತಿದ್ದವರು ನೇರ ಲಾರಿ ಹತ್ತಿದರು. ಹುಬ್ಬಳ್ಳಿ–ಅಂಕೋಲೆ ರಸ್ತೆಯಲ್ಲಿ ಅರಬೈಲ್ ಘಾಟಿ ಅಂದರೆ ಕೆಂಧೂಳು ಮತ್ತು ಹಾರನ್ನು. ನಮ್ಮ ಬಳಗದ ಒಬ್ಬರ ಊರು ಆ ರಸ್ತೆಯ ಪಕ್ಕದಲ್ಲೇ ಇದೆ, ಆ ವರ್ಷಗಳಲ್ಲಿ ಮನೆಯೊಳಗೆ ಜೋರಾಗಿ ಮಾತಾಡೋ ಅಭ್ಯಾಸವಾದದ್ದು ಇನ್ನೂ ಹೋಗಿಲ್ಲ ಅನ್ನುತ್ತಾರೆ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲೂಟಿ ನಿಲ್ಲಬೇಕಿತ್ತು, ನಿಂತಿತು. ಆದರೆ ಸಾಲ ಮಾಡಿ ಗಾಡಿ ತೆಗೆದವರ ಅಂಗಳದಲ್ಲಿ ಲಾರಿಗಳು ನಿಂತವು, ಟಯರಿನ ಸುತ್ತ ಜಾಲಿ ಗಿಡ ಬೆಳೆಯಿತು. ಅಲ್ಲಿಯವರೆಗೆ ಹೊಸ ಡ್ರೈವರನ ಅನುಮಾನ 'ನನ್ನ ಕೈಲಿ ಓಡಿಸೋಕೆ ಆಗುತ್ತಾ' ಅನ್ನೋದಾಗಿತ್ತು. ಆಮೇಲೆ 'ಓಡಿಸೋಕೆ ಲೋಡು ಸಿಗುತ್ತಾ, ಕಂತು ಕಟ್ಟೋಕೆ ಆಗುತ್ತಾ' ಅನ್ನೋದು ಅದರ ಮೇಲೆ ಹತ್ತಿ ಕೂತಿತು.

ಮುಂದಿನ ಬದಲಾವಣೆಗಳು ಬೇಗ ಬೇಗ ಬಂದವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯದ ಗಡಿಗಳ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. 2021ರ ಫೆಬ್ರವರಿಯಿಂದ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಪವರ್ ಸ್ಟೇರಿಂಗ್, ಟ್ಯೂಬ್‌ಲೆಸ್ ಟಯರು ಸಾಮಾನ್ಯವಾದವು. ಇಳಿದು ಕಾಗದ ತೋರಿಸೋಕೆ, ಪಂಕ್ಚರ್ ಬಿಚ್ಚೋಕೆ ಇನ್ನೊಬ್ಬ ಬೇಕು ಅನ್ನೋ ಕಾರಣಗಳು ಒಂದೊಂದಾಗಿ ಉದುರಿದವು. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕು ಅನ್ನೋ ನಿಯಮವಿತ್ತು, 2018ರಲ್ಲಿ ಅದನ್ನೂ ತೆಗೆದರು. 2019ರಲ್ಲಿ ಎಂಟನೇ ಕ್ಲಾಸಿನ ಷರತ್ತೂ ಹೋಯ್ತು. ಓದದವರಿಗೆ ಕೆಲಸ ಸಿಗಲಿ ಅನ್ನೋದು ಉದ್ದೇಶ, ಅದು ತಪ್ಪಲ್ಲ.

ಕೂಲಿ ಉಳಿಯಿತು, ಹುಡುಗರನ್ನು ಹೊಡೆದು ದುಡಿಸೋದು ಕಡಿಮೆಯಾಯಿತು. ಒಳ್ಳೆಯದೇ. ಆದರೆ ಆ ಎಡಗಡೆ ಸೀಟಿನಲ್ಲಿ ನಡೆಯುತ್ತಿದ್ದ ಕಲಿಕೆಗೆ ಬದಲಿಯಾಗಿ ಏನನ್ನೂ ಇಡಲಿಲ್ಲ. ಅಜ್ಜ ಮೊದಲ ದಿನ "ಅದೇ ಕಷ್ಟ" ಅಂದದ್ದು ಇದಕ್ಕೆ. ನಮ್ಮ ಹುಡುಗ ಕಾರಿನ ಲೈಸೆನ್ಸ್ ತೆಗೆದು, ಕಾನೂನಿನಂತೆ ವರ್ಷ ಕಾದು, ಹೆವಿ ಲೈಸೆನ್ಸ್ ಮಾಡಿಸಿದ. ತರಬೇತಿ ಅಂತ ಸಿಕ್ಕಿದ್ದು ಮೈದಾನದಲ್ಲಿ ಕೆಲವು ದಿನ. ಅಲ್ಲಿಂದ ನೇರ ಹತ್ತು ಗಾಲಿಯ ಗಾಡಿ, ಒಬ್ಬನೇ. ಅವನ ಗಾಡಿ ಅಜ್ಜನ ಗಾಡಿಗಿಂತ ಎಷ್ಟೋ ಮೆತ್ತಗೆ ಓಡುತ್ತದೆ. ಆದರೂ ಅವನಿಗೆ ಹೆಚ್ಚು ಸದ್ದು ಕೇಳುತ್ತದೆ, ಯಾಕೆಂದರೆ ಯಾವುದು ಮಾಮೂಲಿ ಸದ್ದು, ಯಾವುದಲ್ಲ ಅಂತ ಹೇಳುವವರು ಪಕ್ಕದಲ್ಲಿಲ್ಲ. ಅನುಮಾನ ಅನ್ನೋದು ಬಹಳ ಸಲ ಕೇಳೋಕೆ ಜನ ಇಲ್ಲದ ಪ್ರಶ್ನೆ, ಅಷ್ಟೇ.

ಒಂದು ಭಯ ಮಾತ್ರ ಅಜ್ಜನ ಕಾಲದಿಂದ ಇವತ್ತಿನವರೆಗೂ ಬದಲಾಗಿಲ್ಲ. ಅಪಘಾತವಾದರೆ ನಿಲ್ಲಬೇಕೋ ಓಡಬೇಕೋ? ನಿಂತರೆ ಜನ ಹೊಡೆಯುತ್ತಾರೆ, ಓಡಿದರೆ ಅಪರಾಧ. 1988ರ ಕಾಯ್ದೆಯ 134ನೇ ಕಲಂ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಜನರ ಆಕ್ರೋಶದಂಥ ಕಾರಣವಿದ್ದರೆ ಬೇರೆ ಮಾತು ಅನ್ನುತ್ತದೆ. ಹೊಸ ನ್ಯಾಯ ಸಂಹಿತೆಯಲ್ಲಿ ಪೊಲೀಸರಿಗೆ ತಿಳಿಸದೆ ಓಡಿದರೆ ಹತ್ತು ವರ್ಷದವರೆಗೆ ಜೈಲು ಅಂತ 106(2) ಬಂದಾಗ, 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವು ಕಡೆ ಡ್ರೈವರುಗಳು ಗಾಡಿ ನಿಲ್ಲಿಸಿದರು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಸಾಗಣೆದಾರರ ಜೊತೆ ಮಾತಾಡಿಯೇ ಮುಂದುವರಿಯುತ್ತೇವೆ ಅಂತ ಸರ್ಕಾರ ಹೇಳಿತು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಯಾದಾಗ ಈ ಒಂದು ಉಪಕಲಂ ಅನ್ನು ಹೊರಗಿಟ್ಟರು. ಸತ್ತವರ ಮನೆಯವರ ಕಡೆಯಿಂದ ನೋಡಿದರೆ ಕಠಿಣ ಶಿಕ್ಷೆ ಬೇಕು ಅನ್ನಿಸೋದು ಸಹಜ. ಹೆದ್ದಾರಿ ಪಕ್ಕದ ನಮ್ಮೂರಲ್ಲಿ ಅಂಥ ಮನೆಗಳೂ ಇವೆ, ಡ್ರೈವರುಗಳ ಮನೆಗಳೂ ಇವೆ. ನಾವು ಯಾವ ಕಡೆ ಅಂತ ಕೇಳಿದರೆ ತಟ್ಟನೆ ಹೇಳೋಕೆ ಆಗಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಅಂತ ನಿಯಮ ಬಂತು. ಇದನ್ನು ಸೆಕೆಯ ಲೆಕ್ಕದಲ್ಲಿ ಮಾತ್ರ ಎಲ್ಲರೂ ನೋಡಿದರು. ಎಸಿ ಇದ್ದರೆ ಕಿಟಕಿ ಮುಚ್ಚುತ್ತದೆ, ಕಿಟಕಿ ಮುಚ್ಚಿದರೆ ಬಲಗಿವಿ ಉಳಿಯುತ್ತದೆ. ಆದರೆ ಇದು ಹೊಸ ಗಾಡಿಗೆ. ಹೊಸ ಡ್ರೈವರಿಗೆ ಸಾಮಾನ್ಯವಾಗಿ ಸಿಗೋದು ಹಳೇ ಗಾಡಿ.

ನಮ್ಮ ಹುಡುಗನಿಗೂ ಸಿಕ್ಕಿದ್ದು ಹಳೇದೇ. ಅಜ್ಜ ಅವನ ಜೊತೆ ಫೋನಿನಲ್ಲಿ ಮಾತಾಡಿದರು, ನಾವು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆವು. ವೇಗವಾಗಿ ಹೋಗುವಾಗ ಬಲಗಡೆ ಗಾಜು ಏರಿಸು, ಎಡಗಡೆಯದು ಸ್ವಲ್ಪ ಬಿಡು. ಹಾಡು ಹಾಕೋದಾದರೆ ಇಂಜಿನ್ ಸದ್ದು ಮುಳುಗೋ ಹಾಗೆ ಹಾಕಬೇಡ. ಕಿವಿಗೆ ಹತ್ತಿ ತುರುಕಿ ಓಡಿಸಬೇಡ, ಮಲಗುವಾಗ ಬೇಕಾದರೆ ಇಟ್ಟುಕೋ. ಸಾಲಿನಲ್ಲಿ ಇಂಜಿನ್ ಓಡಿಸಿಕೊಂಡು ನಿಂತ ಗಾಡಿಗಳ ನಡುವೆ ಮಲಗಬೇಡ, ನೂರು ಹೆಜ್ಜೆ ಮುಂದೆ ಹೋಗಿ ನಿಲ್ಲಿಸು. ನಿಲ್ಲಿಸಿದಾಗೆಲ್ಲ ರಾಡು ಹಿಡಿದು ಒಂದು ಸುತ್ತು ಬಾ. ಯಾವುದಕ್ಕೂ ಗೊತ್ತಿಲ್ಲ ಅಂತ ಹೇಳೋಕೆ ನಾಚಬೇಡ, ಢಾಬಾದಲ್ಲಿ ತಲೆ ನರೆತವನನ್ನು ನೋಡಿ ಕೇಳು. ನಾವು ನಡುವೆ ಬಾಯಿ ಹಾಕಿ, ಕಿವಿಯ ಮೊರೆತ ಒಂದು ರಾತ್ರಿ ಮಲಗೆದ್ದರೂ ಹೋಗದೆ ದಿನಗಟ್ಟಲೆ ಉಳಿದರೆ ಕಿವಿ ಡಾಕ್ಟರ್‌ಗೆ ತೋರಿಸು ಅಂದೆವು. ಅಜ್ಜ ನಮ್ಮ ಕಡೆ ನೋಡಿ, "ಹ್ಞೂಂ, ಅದೂ ಮಾಡ್ಲಿ. ನಾನು ಮಾಡ್ಲಿಲ್ಲ" ಅಂದರು.

ಹೋದ ವಾರ ಅವನಿಂದ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಮಾತಿಲ್ಲ, ನಲವತ್ತು ಸೆಕೆಂಡು ಬರೀ ಇಂಜಿನ್ ಸದ್ದು. ಕೆಳಗೆ 'ಅಜ್ಜಂಗೆ ಕೇಳ್ಸಿ, ನಿನ್ನೆಯಿಂದ ಒಂದು ಹೊಸ ಸದ್ದು ಬರ್ತೈತೆ' ಅಂತ ಬರೆದಿದ್ದ. ಫೋನ್ ತಗೊಂಡು ಹೋದೆವು. ಅಜ್ಜ ಎಡಗಿವಿಗೆ ಹಿಡಿದು ಮೂರು ಸಲ ಕೇಳಿದರು. "ಬೆಲ್ಟು. ಸಡಿಲ ಆಗೈತೆ" ಅಂದರು.

ಸಂಜೆ ಉತ್ತರ ಬಂತು. ಬೆಲ್ಟ್ ಚೆನ್ನಾಗೇ ಇತ್ತಂತೆ, ಅದರ ಪಕ್ಕದ ಆಲ್ಟರ್ನೇಟರಿನ ಬೋಲ್ಟ್ ಸಡಿಲವಾಗಿತ್ತಂತೆ. ತಾನೇ ಬಿಗಿ ಮಾಡಿದೆ, ಈಗ ಲೋಡು ಇಳಿಸೋಕೆ ಸಾಲಲ್ಲಿ ನಿಂತಿದೀನಿ ಅಂದ. ಅಜ್ಜನಿಗೆ ಹೇಳಿದೆವು.

"ಅದೇ ಕಣ್ರಪ್ಪ, ನಾಕು ಬೆರಳು ಪಕ್ಕಕ್ಕೆ" ಅಂದರು, ಸ್ವಲ್ಪ ಬೇಜಾರಿನಲ್ಲಿ.